ಬಾನೆಟ್ಟಿನೊಳಗಿನ ಅಭ್ಯಂಜನ

ದಾವಣಗೆರೆ ಕಡೆಯಿಂದ ಜಗಳೂರಿಗೆ ಹೋಗುವ ದಾರಿಯ ಬಿಳಿಚೋಡಿನಲ್ಲಿ ಆಯುಧಪೂಜೆಯ ಹಿಂದಿನ ದಿನ ಕಾರಿರುವ ಮನೆಗಳ ಅಂಗಳ ನೋಡಬೇಕು. ಬನಿಯನ್ನು ತೊಟ್ಟು, ಲುಂಗಿ ಮೇಲೆ ಕಟ್ಟಿ, ಕೈಯಲ್ಲಿ ಪೈಪು ಹಿಡಿದ ಯಜಮಾನನೊಬ್ಬ ಅಲ್ಲಿ ನಿಂತಿರುತ್ತಾನೆ. ಹೆಸರು ಏನೇ ಇರಲಿ, ಬಾನೆಟ್ಟಪ್ಪ ಅನ್ನೋಣ. ಹೋದ ವರ್ಷದ ಪೂಜೆಯಿಂದ ಈ ವರ್ಷದ ಪೂಜೆಯವರೆಗೆ ಬಾನೆಟ್ ಎತ್ತದ ಈ ಪುಣ್ಯಾತ್ಮ, ತ್ರೀ ಫೇಸ್ ಕರೆಂಟ್ ಬಂದದ್ದೇ ತಡ ಬೋರ್‌ವೆಲ್ ಮೋಟಾರು ಹಾಕಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಇಂಜಿನ್ನಿಗೆ ಅಭ್ಯಂಜನ ಶುರುಮಾಡುತ್ತಾನೆ. ಇನ್ನೂ ಉತ್ಸಾಹಿಯಾದರೆ ಬೆಳೆಗೆ ಔಷಧಿ ಹೊಡೆಯುವ ಪಂಪೂ ಹೊರಗೆ ಬರುತ್ತದೆ. ಅವನ ಶುಚಿಯ ಆಸೆಯನ್ನು ತಪ್ಪೆನ್ನುವಂತಿಲ್ಲ. ತೊಂದರೆಯೇನೆಂದರೆ ಎದುರಿಗೆ ನಿಂತಿರುವುದು ಅವನ ಕಾರು, ಅವನ ಕೈ ತೊಳೆಯುತ್ತಿರುವುದು ಅಪ್ಪನ ಕಾಲದ ಟ್ರ್ಯಾಕ್ಟರನ್ನು.

ಆ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನಿನಲ್ಲಿ ಕೆಡುವಂಥ ನಾಜೂಕಿನ ವಸ್ತು ಕಡಿಮೆ. ಬ್ಯಾಟರಿ, ಡೈನಮೋ, ಬೆರಳೆಣಿಕೆಯ ವೈರು. ಡೀಸೆಲ್ ಚಿಮ್ಮಿಸುವ ಪಂಪೂ ಪೂರ್ತಿ ಯಾಂತ್ರಿಕ. ಎಷ್ಟು ನೀರು ಸುರಿದರೂ ಗುಡುಗುಡು ಅನ್ನುತ್ತಿತ್ತು. ಅಂಬಾಸಿಡರ್ ಕಾರಿನಲ್ಲಿಯೂ ನೀರು ಹೊಕ್ಕರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಒರೆಸಿದರೆ ಸಾಮಾನ್ಯವಾಗಿ ಮುಗಿಯುತ್ತಿತ್ತು. ಈಗಿನ ಕಾರಿನ ಬಾನೆಟ್ಟಿನಡಿ ಒಂದು ಕಂಪ್ಯೂಟರ್ ಸಂಸಾರವೇ ಕೂತಿದೆ. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದ ಮೇಲಂತೂ ಸೆನ್ಸರುಗಳ ಬಳಗ ಇನ್ನಷ್ಟು ಬೆಳೆಯಿತು. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಂತು ಕಿಡಿ ತಪ್ಪುತ್ತದೆ. ವಿಜಯದಶಮಿಯಂದು ಬನ್ನಿ ಕೊಡಲು ಹೊರಟ ಸಂಸಾರ ಮೂರೇ ಸಿಲಿಂಡರಿನಲ್ಲಿ ಗೊರಗುಡುತ್ತ ಸಾಗಿ, ಮೊದಲ ಬನ್ನಿಯನ್ನು ಗ್ಯಾರೇಜಿನ ಮೇಸ್ತ್ರಿಗೇ ಕೊಡಬೇಕಾಗುತ್ತದೆ.

ಇದನ್ನು ಹೇಳಿದರೆ ಬಾನೆಟ್ಟಪ್ಪನ ಉತ್ತರ ಸಿದ್ಧವಿದೆ: “ಏನಾಗ್ತತಿ ಬಿಡಲೇ! ಮಳ್ಯಾಗ ಓಡಾಡಂಗಿಲ್ಲೇನು ಕಾರು?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಳೆಯ ನೀರು ಬಾನೆಟ್ ಮುಚ್ಚಿದಾಗ ಬರುತ್ತದೆ. ಗಾಜಿನ ಕೆಳಗಿನ ಕಾಲುವೆಯಲ್ಲಿ ಇಳಿದು ಆಚೆ ಹೋಗುವಂತೆ ಕಾರು ಮಾಡಿದವರು ಮೊದಲೇ ದಾರಿ ಬಿಟ್ಟಿರುತ್ತಾರೆ. ಬಾನೆಟ್ ಎತ್ತಿ, ಮೇಲಿನಿಂದ, ಒಂದೇ ಜಾಗಕ್ಕೆ ಗುರಿಯಿಟ್ಟು ಮಳೆ ಸುರಿಯುವುದಿಲ್ಲ. ವೈರುಗಳ ಜೋಡಣೆಗೆ ಕೊಡುವ ಐಪಿ67 ಎಂಬ ದರ್ಜೆಯ ಅರ್ಥವೂ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೇ. ರಭಸದ ಧಾರೆಗೆ ಬೇರೆಯೇ ಪರೀಕ್ಷೆ ಇದೆ; ಅದರಲ್ಲಿ ಇದು ಪಾಸಾಗಿದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಅಲ್ಲದೆ ಜಗಳೂರು ಬರದ ತಾಲ್ಲೂಕು. ಆಳದಿಂದ ಎತ್ತಿದ ಗಡಸು ನೀರು ಆರಿದ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ತುಂಬ ಬಿಳಿ ಕಲೆ ಬಿಟ್ಟುಹೋಗುತ್ತದೆ. ಅದನ್ನು ತೆಗೆಯಲು ಸರ್ಫ್ ಪುಡಿ, ಸರ್ಫ್ ತೆಗೆಯಲು ಮತ್ತೆ ನೀರು, ಹೊಳಪಿಗೆ ಕೊನೆಯಲ್ಲಿ ಡೀಸೆಲ್ಲು. ಆ ಡೀಸೆಲ್ ರಬ್ಬರ್ ಪೈಪು, ಬೆಲ್ಟುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ; ಕಾದ ಇಂಜಿನ್ನಿನ ಮೇಲೆ ಬಿದ್ದರೆ ಬೆಂಕಿಗೂ ದಾರಿ. ಜಗಳೂರಿಗೆ ಹೋಗಿ ಆಗ ತಾನೆ ಬಂದ ಕಾರಿಗೆ ತಣ್ಣೀರು ಎರಚುವುದು ಇನ್ನೊಂದು ಸಾಹಸ. ಎದ್ದ ಹಬೆ ಕೈ ಸುಡುತ್ತದೆ, ಚೆನ್ನಾಗಿ ಕಾದ ಎಕ್ಸಾಸ್ಟಿನ ಕಬ್ಬಿಣ ಸೀಳಲೂಬಹುದು.

ಹಾಗಾದರೆ ಮುಟ್ಟಲೇಬಾರದೆ? ಮುಟ್ಟಲೇಬೇಕು, ಅದೂ ಇದೇ ಹೊತ್ತಿನಲ್ಲಿ. ದಸರೆಯ ಸುಮಾರಿಗೆ ಮೆಕ್ಕೆಜೋಳ ಮನೆಗೆ ಬರುತ್ತದೆ. ರಾಶಿಯನ್ನು ರಸ್ತೆಯ ಮೇಲೇ ಹರವುತ್ತಾರೆ. ಹಾರಿದ ಹೊಟ್ಟು, ಹುಳ, ಧೂಳು ರೇಡಿಯೇಟರಿನ ಸಂದಿಯಲ್ಲಿ ಕೂತರೆ ಗಾಳಿ ಕಟ್ಟಿ ಇಂಜಿನ್ ಕಾಯುತ್ತದೆ. ಕಾಳಿನ ವಾಸನೆಗೆ ಬಂದ ಇಲಿ ಒಣಗಿದ ಎಲೆಯಲ್ಲಿ ಗೂಡು ಕಟ್ಟಿ ವೈರು ಕಡಿಯುತ್ತದೆ. ಬಾನೆಟ್ಟಪ್ಪ ನಿಜಕ್ಕೂ ತೆಗೆಯಬೇಕಾದ ಕೊಳೆ ಇದು, ಮತ್ತು ಇದರಲ್ಲಿ ಹೆಚ್ಚಿನದು ಒಣಕೊಳೆ. ಇಂಜಿನ್ ಕೈಯಿಟ್ಟರೆ ಸುಡದಷ್ಟು ಆರಲಿ. ಬ್ಯಾಟರಿಯ ಮೈನಸ್ ವೈರು ಮೊದಲು ಬಿಚ್ಚಲಿ, ಇಲ್ಲದಿದ್ದರೆ ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಿ ಬೆರಳು ಕೇಳುತ್ತದೆ. ಎಲೆ ಹೆಕ್ಕಿ, ಮೆತ್ತನೆ ಬ್ರಷ್ಷಿನಲ್ಲಿ ಧೂಳು ಗುಡಿಸಿ, ಜಿಡ್ಡಿರುವಲ್ಲಿ ನೀರಿನಲ್ಲಿ ಕರಗುವ ಡಿಗ್ರೀಸರನ್ನು ಬಟ್ಟೆಗೆ ಹಚ್ಚಿ ಒರೆಸಿದರೆ ಮುಗಿಯಿತು. ಒಂದು ಚೊಂಬು ನೀರು ಹೆಚ್ಚು. ಆಲ್ಟರ್ನೇಟರ್, ಫ್ಯೂಸ್ ಡಬ್ಬಿ, ಗಾಳಿ ಎಳೆಯುವ ಬಾಯಿಗೆ ಮೊದಲೇ ಪ್ಲಾಸ್ಟಿಕ್ ಚೀಲ ಕಟ್ಟಿರಬೇಕು, ಸ್ಟಾರ್ಟ್ ಮಾಡುವ ಮುಂಚೆ ಅದನ್ನು ಬಿಚ್ಚಿರಲೂ ಬೇಕು. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಕೈಗೆ ಗ್ಲೌಸ್ ಇರಲಿ. ಇಷ್ಟಕ್ಕೆ ತ್ರೀ ಫೇಸ್ ಕರೆಂಟ್ ಬೇಡವೆಂಬುದೇ ಬಾನೆಟ್ಟಪ್ಪನಿಗೆ ಆಗುವ ನಿರಾಸೆ.

ಕೊನೆಯ ವಾದವೊಂದು ಉಳಿದಿದೆ: ಹೊಳೆಯುವ ಇಂಜಿನ್ನಿಗೆ ಮಾರುವಾಗ ಬೆಲೆ ಜಾಸ್ತಿ. ಬಳಸಿದ ಕಾರು ಕೊಳ್ಳುವ ಪಳಗಿದ ಗಿರಾಕಿಗೆ ಆಗುವುದು ತಿರುಗಮುರುಗ. ಹತ್ತು ವರ್ಷದ ಇಂಜಿನ್ ಮದುಮಗನಂತೆ ಮಿಂಚಿದರೆ ಎಲ್ಲಿ ಆಯಿಲ್ ಸೋರಿದ್ದನ್ನು ಒರೆಸಿದ್ದಾರೋ ಎಂದು ಅವನು ಕೆಳಗೆ ಬಗ್ಗಿ ಟಾರ್ಚ್ ಬಿಡುತ್ತಾನೆ. ಇನ್ನು ಪೂಜೆಯ ಮಾತು. ಅರಿಸಿನ, ಕುಂಕುಮ, ಹೂವಿಗೆ ಯಾವ ಇಂಜಿನ್ನಿನ ತಕರಾರೂ ಇಲ್ಲ. ಆದರೆ ಬಾನೆಟ್ ಎತ್ತಿ, ಬ್ಯಾಟರಿಯ ನೆತ್ತಿಯ ಮೇಲೇ ಕರ್ಪೂರದ ತಟ್ಟೆ ಆಡಿಸುವ ಭಕ್ತಿ ಸ್ವಲ್ಪ ತಡೆದುಕೊಳ್ಳಲಿ. ಚಾರ್ಜ್ ಆಗುವಾಗ ಬ್ಯಾಟರಿ ಬಿಡುವ ಜಲಜನಕಕ್ಕೆ ಕಿಡಿ ತಾಗಿದರೆ ಢಂ ಅನ್ನಬಹುದು. ಬಂಪರಿನ ಮುಂದೆ ನಿಂತು ಬೆಳಗಿದ ಆರತಿಯೂ ಬಾನೆಟ್ಟಿನೊಳಗಿನ ದೇವರಿಗೆ ಕಾಣಿಸುತ್ತದೆ.