ನೆಂಟರು ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಮನೆ ಸೇರಿದವನಿಗೆ ಇಂಗ್ಲಿಷ್ ವ್ಯಾಕರಣದ ಟ್ಯೂಷನ್ ಒಲಿದು ಬರುತ್ತದೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ. ಬಂತು. ತಂದವಳು ನಮ್ಮಕ್ಕ. “ನೋಡೋ, ನನ್ನ ಮಗ ಅದೇನೋ ಜಿಮ್ಯಾಟ್ ಕಟ್ಟಿದಾನೆ. ಲೆಕ್ಕ ಎಲ್ಲ ನೀರು ಕುಡಿದ ಹಾಗೆ ಮಾಡ್ತಾನೆ, ಗ್ರಾಮರ್‌ನಲ್ಲಿ ಮುಗ್ಗರಿಸ್ತಿದಾನೆ. ನೀನು ಹೇಗಿದ್ರೂ ಗ್ರಾಮರ್ ಮೇಷ್ಟ್ರು.” ನಾನು ಹೇಳಿಕೊಟ್ಟದ್ದು ಕನ್ನಡದ ಗ್ರಾಮರ್ ಕಣಕ್ಕ ಎಂದೆ. “ಯಾವುದಾದ್ರೇನು, ಗ್ರಾಮರ್ ತಾನೆ?” ಎಂದಳು. ನಮ್ಮಕ್ಕನ ಲೆಕ್ಕದಲ್ಲಿ ಕಣ್ಣಿನ ಡಾಕ್ಟರೂ ಒಂದೇ, ಮೂಳೆ ಡಾಕ್ಟರೂ ಒಂದೇ.

ಇದು 2023ರ ಬೇಸಿಗೆಯ ಮಾತು. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು, ನಾನು ಮೈಸೂರಿನಲ್ಲಿ ಪಿಂಚಣಿ. ಅವನಿಗೆ ಹೊರದೇಶದಲ್ಲಿ ಎಂಬಿಎ ಓದುವ ಆಸೆ, ಅದರ ಪ್ರವೇಶಕ್ಕೇ ಈ ಜಿಮ್ಯಾಟ್ ಪರೀಕ್ಷೆ. ರಾತ್ರಿ ಹತ್ತಕ್ಕೆ ಫೋನು ಬರೋದು. “ಮಾಮ, ಎಸ್‌ಸಿ ಮಾಡೋಣ್ವಾ?” ಮೊದಲ ದಿನ ನನಗೆ ಜಾತಿ ಸರ್ಟಿಫಿಕೇಟು ನೆನಪಾಯಿತು. ಆಮೇಲೆ ತಿಳಿಯಿತು, ಹುಡುಗರು ಸೆಂಟೆನ್ಸ್ ಕರೆಕ್ಷನ್ನನ್ನು ಹಾಗೆ ಮೊಟಕು ಮಾಡಿಕೊಂಡಿದ್ದಾರೆ.

ಪರೀಕ್ಷೆಯ ಮಜವನ್ನು ಕೇಳಿ. ಒಂದು ಉದ್ದನೆಯ ವಾಕ್ಯ. ಅದರಲ್ಲಿ ಒಂದಷ್ಟು ಭಾಗಕ್ಕೆ ಅಡಿಗೆರೆ. ಕೆಳಗೆ ಐದು ಆಯ್ಕೆ. ಮೊದಲನೆಯದು ಯಾವಾಗಲೂ ಇದ್ದದ್ದು ಇದ್ದ ಹಾಗೆ. ಮಿಕ್ಕ ನಾಲ್ಕು ರಿಪೇರಿ ಮಾಡಿದವು. ನನ್ನ ಜಾಯಮಾನಕ್ಕೆ ಮೊದಲನೆಯದೇ ಹಿತವಾಗಿತ್ತು. ನಾವು ಮೈಸೂರಿನವರು, ಇದ್ದ ಹಾಗೇ ಇರಲಿ ಬಿಡಿ ಅನ್ನುವುದು ನಮಗೆ ಹುಟ್ಟುಗುಣ. ಹುಡುಗ ಮಾತ್ರ ಮೊದಲನೆಯದನ್ನು ಕಂಡರೆ ಹಾವು ತುಳಿದವನ ಹಾಗೆ ಹಾರುತ್ತಿದ್ದ. ಪರೀಕ್ಷೆ ಅಂದಮೇಲೆ ತಪ್ಪು ಇರಲೇಬೇಕು ಅಂತ ಅವನ ನಂಬಿಕೆ. ತಪ್ಪಿಲ್ಲದ ವಾಕ್ಯವನ್ನೂ ಕೊಟ್ಟು, ಇವನಿಗೆ ಸುಮ್ಮನಿರಲು ಬರುತ್ತದೋ ಇಲ್ಲವೋ ಎಂದೂ ಅವರು ಪರೀಕ್ಷಿಸುತ್ತಾರೆ ಎಂದು ಮನವರಿಕೆ ಮಾಡಿಕೊಡಲು ನನಗೆ ಹದಿನೈದು ದಿನ ಹಿಡಿಯಿತು.

ಆಗ ಇಂಗ್ಲಿಷ್ ವಿಭಾಗಕ್ಕೆ 65 ನಿಮಿಷ, 36 ಪ್ರಶ್ನೆ. 1997ರಿಂದ ಜಿಮ್ಯಾಟ್ ಕಂಪ್ಯೂಟರಿನ ಮೇಲೆ ನಡೆಯುವ, ನಮ್ಮ ಯೋಗ್ಯತೆ ನೋಡಿಕೊಂಡು ಮುಂದಿನ ಪ್ರಶ್ನೆ ಕೊಡುವ ಪರೀಕ್ಷೆ. ಸರಿಯುತ್ತರ ಬರೆದರೆ ಬಹುಮಾನವಾಗಿ ಇನ್ನೂ ಕಷ್ಟದ್ದು ಬರುತ್ತದೆ. ಇದು ಸರ್ಕಾರಿ ನೌಕರಿಯಲ್ಲಿ ನನಗೆ ಮೊದಲೇ ಪರಿಚಯವಿದ್ದ ಪದ್ಧತಿ: ಚೆನ್ನಾಗಿ ಕೆಲಸ ಮಾಡುವವನಿಗೇ ಜನಗಣತಿಯೂ ಬೀಳುತ್ತಿತ್ತು, ಚುನಾವಣೆ ಡ್ಯೂಟಿಯೂ ಬೀಳುತ್ತಿತ್ತು.

ಅಟ್ಟದ ಮೇಲಿಂದ ನನ್ನ ಹಳೆಯ ಇಂಗ್ಲಿಷ್ ವ್ಯಾಕರಣದ ಪುಸ್ತಕ ರೆನ್ ಅಂಡ್ ಮಾರ್ಟಿನ್ ಇಳಿಸಿದೆ. ರಟ್ಟು ಹೋಗಿ, ಮೊದಲ ಪುಟ ಜಿರಳೆಗೆ ಸಂದಿತ್ತು. ನಮ್ಮ ಕಾಲದವರಲ್ಲಿ ಅರ್ಧ ಜನ ಅದನ್ನು ಒಬ್ಬನೇ ಮನುಷ್ಯನ ಹೆಸರು ಅಂದುಕೊಂಡಿದ್ದೆವು. ಇಬ್ಬರು. ಅದರಲ್ಲಿ ರೆನ್ ಅನ್ನುವವನು ಫ್ರೆಂಚ್ ಫಾರಿನ್ ಲೀಜನ್ ಪಡೆಯ ಸಾಹಸದ ಕಥೆ ‘ಬೋ ಜೆಸ್ಟ್’ ಕಾದಂಬರಿಯನ್ನು 1924ರಲ್ಲಿ ಬರೆದವನು. ಮರುಭೂಮಿಯಲ್ಲಿ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದ ಕೈಯೇ ನಮ್ಮ ನಾಮಪದ ಕ್ರಿಯಾಪದಗಳನ್ನೂ ನಿಲ್ಲಿಸಿದೆ ಅಂತ ಗೊತ್ತಾದಾಗ ಬಾಲ್ಯದ ಎಷ್ಟೋ ಬಾಸುಂಡೆಗಳ ಮೂಲ ಹೊಳೆಯಿತು.

ಹುಡುಗನ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋದೆ. ಒಂದು ತಿಂಗಳಾದಮೇಲೆ ನೋಡಿದರೆ ನನಗೇ ಆಶ್ಚರ್ಯ. ಅವು ತಪ್ಪುಗಳಾಗಿರಲೇ ಇಲ್ಲ! ಇಂಗ್ಲಿಷ್ ಬಟ್ಟೆ ತೊಟ್ಟ ಶುದ್ಧ ಕನ್ನಡ. ‘ಎವ್ರಿವನ್ ಹ್ಯಾವ್ ಕಮ್’ ಅನ್ನುತ್ತಾನೆ. ಯಾಕನ್ನಬಾರದು? ನಾವು ‘ಪ್ರತಿಯೊಬ್ಬರೂ ಬಂದರು’ ಅಂತ ಬಹುವಚನದಲ್ಲೇ ಹೇಳುವವರು. ಅಪ್ಪ ಒಬ್ಬರೇ ಬಂದರೂ ‘ಬಂದರು’. ಇಂಗ್ಲಿಷಿನಲ್ಲಿ ಅಪ್ಪನಿಗೂ ‘ಇಸ್’, ಅಪ್ಪ ಸಾಕಿದ ನಾಯಿಗೂ ‘ಇಸ್’. ಇನ್ನೊಂದು ಕಡೆ ಅವರದೇ ವಿಪರೀತ: ನಮಗೆ ‘ಹತ್ತು ಮಾವಿನಹಣ್ಣು’ ಸಾಕು, ಹತ್ತು ಅಂದಮೇಲೆ ಒಂದಕ್ಕಿಂತ ಜಾಸ್ತಿ ಅಂತ ತಿಳಿಯುವುದಿಲ್ಲವೇ? ಅವರಿಗೆ ಹತ್ತು ಅಂದದ್ದು ಸಾಲದೆ ಬಾಲಕ್ಕೆ ಒಂದು ‘ಸ್’ ಕಟ್ಟಬೇಕು.

ತೂಗುಬಿದ್ದ ವಿಶೇಷಣ ಅಂತ ಒಂದಿದೆ, ಈ ಪರೀಕ್ಷೆಯವರಿಗೆ ಆಗ ಬಲು ಪ್ರೀತಿಯದಾಗಿತ್ತು. ‘ವಾಕಿಂಗ್ ಟು ದಿ ಮಾರ್ಕೆಟ್, ದಿ ರೇನ್ ಡ್ರೆಂಚ್ಡ್ ಮಿ’ ಅಂದರೆ ತಪ್ಪು. ಯಾಕೆಂದರೆ ಅಲ್ಪವಿರಾಮ ಆದಮೇಲೆ ಮೊದಲು ಬಂದವರೇ ನಡೆದವರು ಅಂತ ಅವರ ಕಾನೂನು. ಮೊದಲು ಬಂದದ್ದು ಮಳೆ. ಹಾಗಾಗಿ ಮಳೆರಾಯನೇ ಕೈಚೀಲ ಹಿಡಿದು ದೇವರಾಜ ಮಾರುಕಟ್ಟೆಗೆ ಹೊರಟ ಹಾಗಾಯಿತು. ಕನ್ನಡದಲ್ಲಿ ಇದಕ್ಕೆಲ್ಲ ತಕರಾರಿಲ್ಲ. ‘ಮಳೆ ಬಂದು ಕೆರೆ ತುಂಬಿತು’. ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃ ಇಬ್ಬರು, ಜಗಳ ಒಂದೂ ಇಲ್ಲ. ಕರೆಂಟು ಹೋಗಿ ಮಿಕ್ಸಿ ನಿಂತಿತು, ಚಟ್ನಿ ತರಿತರಿಯಾಗಿ ದೋಸೆ ರುಚಿ ಕೆಟ್ಟಿತು. ಹೀಗೆ ಕೃದಂತಾವ್ಯಯಗಳನ್ನು ಪೋಣಿಸಿಕೊಂಡು ನಾವು ಮೈಸೂರಿನಿಂದ ಮಂಡ್ಯದವರೆಗೂ ಹೋಗಬಲ್ಲೆವು. ಇದನ್ನು ಹೇಳಿದಾಗ ಫೋನಿನಲ್ಲೇ ಹುಡುಗನ ದನಿ ಅರಳಿತು. “ಹಾಗಾದ್ರೆ ನಾನು ದಡ್ಡ ಅಲ್ಲ ಅಲ್ವಾ ಮಾಮ?” ಅಲ್ಲ ಕಣೋ, ನೀನು ಕನ್ನಡದವನು ಅಷ್ಟೆ ಎಂದೆ.

ಹೋಲಿಕೆಯದೂ ಅದೇ ಕಥೆ. ‘ಮೈಸೂರಿನ ದೋಸೆ ಬೆಲೆ ಬೆಂಗಳೂರಿಗಿಂತ ಕಡಿಮೆ’ ಅಂದರೆ ನಮಗೆ ಅರ್ಥವಾಗಿ, ಬಾಯಲ್ಲಿ ನೀರೂ ಬಂದಿರುತ್ತದೆ. ಅವರು ಕೇಳುತ್ತಾರೆ: ದೋಸೆಯ ಬೆಲೆಯನ್ನು ಇಡೀ ಬೆಂಗಳೂರಿಗೆ ಹೋಲಿಸಿದಿರಾ? ನಡುವೆ ಒಂದು ‘ದಟ್ ಇನ್’ ಸಿಕ್ಕಿಸಿ ಬೆಲೆಗೆ ಬೆಲೆಯನ್ನೇ ಎದುರು ನಿಲ್ಲಿಸಿದರಷ್ಟೇ ಸಮಾಧಾನ.

ಕನ್ನಡ ಕೈಹಿಡಿದ ಜಾಗವೂ ಉಂಟು. ‘ದೇ ಡಿಮ್ಯಾಂಡೆಡ್ ದಟ್ ಹಿ ಕಮ್’. ಹುಡುಗ ಇದನ್ನು ಕಂಡ ಕೂಡಲೇ ‘ಕಮ್ಸ್’ ಅಂತ ತಿದ್ದುತ್ತಿದ್ದ. ಕಿವಿಗೆ ಹಾಗೇ ಹಿತ. ಈ ಪರೀಕ್ಷೆಯಲ್ಲಿ ಕಿವಿಯನ್ನು ನಂಬಿದವನು ಕೆಟ್ಟ ಅಂತ ಹುಡುಗರೆಲ್ಲ ಬಲ್ಲರು, ಆದರೆ ಕಿವಿ ಬಿಟ್ಟು ಏನನ್ನು ನಂಬಬೇಕೆಂದು ತಿಳಿಯದು. ನಾನೆಂದೆ, ಕನ್ನಡದಲ್ಲಿ ಹೇಳಿಕೋ. ‘ಅವನು ಬರಲಿ ಎಂದು ಪಟ್ಟು ಹಿಡಿದರು.’ ಆ ‘ಲಿ’ ಇದೆಯಲ್ಲ, ಅದು ವಿಧ್ಯರ್ಥ. ಪಟ್ಟು, ಹಟ, ಆಗ್ರಹ, ಆಜ್ಞೆಗಳ ಬೆನ್ನಿಗೆ ಕನ್ನಡದಲ್ಲಿ ‘ಲಿ’ ಬಂತು ಅಂದರೆ ಇಂಗ್ಲಿಷಿನ ಕ್ರಿಯಾಪದ ಬರಿಮೈಯಲ್ಲಿ ನಿಲ್ಲುತ್ತದೆ: ಕಮ್, ಗೋ, ಬಿ. ಆ ಬಗೆಯ ಪ್ರಶ್ನೆಯಲ್ಲಿ ಅವನು ಮತ್ತೆ ತಪ್ಪಲಿಲ್ಲ. ಮೂವತ್ತೊಂದು ವರ್ಷದಲ್ಲಿ ವಿಧ್ಯರ್ಥಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಅಂತೂ ನಮ್ಮಿಬ್ಬರಿಗೂ ಅಚ್ಚುಮೆಚ್ಚಾದದ್ದು ಮದುಮಗನ ವಾಕ್ಯ. ‘ದಿ ಗ್ರೂಮ್, ಅಲಾಂಗ್ ವಿತ್ ಹಿಸ್ ಟು ಹಂಡ್ರೆಡ್ ರಿಲೇಟಿವ್ಸ್’: ಮುಂದೆ ‘ಇಸ್’ ಬರಬೇಕೋ ‘ಆರ್’ ಬರಬೇಕೋ? ಇನ್ನೂರು ಜನ ಇದ್ದಾರೆ, ‘ಆರ್’ ಅನ್ನುತ್ತೀರಿ. ತಪ್ಪು. ‘ಅಲಾಂಗ್ ವಿತ್’ ಅನ್ನುವ ಬಾಗಿಲಿಂದ ಒಳಗೆ ಬಂದವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ವ್ಯಾಕರಣದ ಪ್ರಕಾರ ಬರುತ್ತಿರುವವನು ಮದುಮಗ ಒಬ್ಬನೇ. ಅದೇ ‘ಆಂಡ್’ ಹಾಕಿದರೆ ಇನ್ನೂರೂ ಜನ ಎದ್ದು ಕೂರುತ್ತಾರೆ. ಇನ್ನು ‘ನೈದರ್, ನಾರ್’ ಹಾಕಿದರೆ ಕ್ರಿಯಾಪದ ತನ್ನ ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರ ಮುಖ ಮಾತ್ರ ನೋಡುತ್ತದೆ, ಪಂಕ್ತಿಯಲ್ಲಿ ಬಡಿಸುವವನ ಹಾಗೆ. ಇಷ್ಟು ಹೇಳಿದ ಮೇಲೆ ಉಪಾಯ ತಾನಾಗಿ ಬಂತು. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ತುರುಕಿದ ನೆಂಟರನ್ನೆಲ್ಲ ಬೆರಳಲ್ಲಿ ಮುಚ್ಚು, ಮಿಕ್ಕದ್ದನ್ನು ಓದು. ‘ದಿ ಬಾಕ್ಸ್ ಆಫ್ ಮ್ಯಾಂಗೋಸ್’ ಅಂದರೆ ಮಾವಿನಹಣ್ಣು ಮುಚ್ಚು, ಪೆಟ್ಟಿಗೆ ಒಂದೇ ಉಳಿಯುತ್ತದೆ. ಹುಡುಗ ಮುಚ್ಚೀ ಮುಚ್ಚೀ ಲ್ಯಾಪ್‌ಟಾಪಿನ ಪರದೆಯ ಮೇಲೆ ಎಣ್ಣೆ ಬೆರಳಿನ ಗುರುತು ಬಿದ್ದಿತ್ತು, ಬೋಂಡ ತಿನ್ನುತ್ತಾ ಓದುವ ಅಭ್ಯಾಸ.

ಇದರ ದುಷ್ಪರಿಣಾಮವೂ ಆಯಿತೆನ್ನಿ. ಹುಡುಗ ಕಂಡಕಂಡವರನ್ನು ತಿದ್ದತೊಡಗಿದ. ಅವರ ಮ್ಯಾನೇಜರು ಕಳಿಸಿದ ಇಮೇಲಿನಲ್ಲಿ ಸಮಾನಾಂತರ ರಚನೆ ಇಲ್ಲವೆಂದು ಅವರಿಗೇ ಬರೆದ. ಮ್ಯಾನೇಜರು ಉತ್ತರ ಬರೆಯಲಿಲ್ಲ, ಶನಿವಾರದ ಕೆಲಸ ಕೊಟ್ಟರು. ನಾನೂ ಕಮ್ಮಿಯಿರಲಿಲ್ಲ. ನಮ್ಮ ಬೀದಿಯ ಬೇಕರಿಯ ಬೋರ್ಡಿನ ಮುಂದೆ ನಿಂತು ಕ್ರಿಯಾಪದ ಹುಡುಕುತ್ತಿದ್ದರೆ ಮನೆಯವಳು, “ಬ್ರೆಡ್ ತರೋಕ್ಕೆ ಕಳಿಸಿದ್ದು” ಅಂತ ಫೋನು ಮಾಡಿದಳು.

ಪರೀಕ್ಷೆ ಬದಲಾಗುತ್ತದೆಂದು ಮೊದಲೇ ಸಾರಿದ್ದರು. ಹುಡುಗನಿಗೂ ಗೊತ್ತಿತ್ತು. ಆದರೆ ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ ಹದ ಬರಿಸುತ್ತಾ ಕೂತ. 2023ರ ನವೆಂಬರಿನಲ್ಲಿ ಹೊಸ ಜಿಮ್ಯಾಟ್ ಬಂತು. ಎರಡೂಕಾಲು ಗಂಟೆ, 64 ಪ್ರಶ್ನೆ. ಅದರಲ್ಲಿ ಸೆಂಟೆನ್ಸ್ ಕರೆಕ್ಷನ್ ಇಲ್ಲವೇ ಇಲ್ಲ, ಸಾರಾಸಗಟಾಗಿ ಎತ್ತಿ ಹಾಕಿದ್ದರು. ಹಳೆಯದು 2024ರ ಜನವರಿ 31ರವರೆಗೆ ಜೀವ ಹಿಡಿದಿತ್ತು. ಇವನಿಗೆ ಆ ಜನವರಿಯಲ್ಲೇ ಆಫೀಸಿನಲ್ಲಿ ಏನೋ ರಿಲೀಸು, ರಜೆ ಸಿಗಲಿಲ್ಲ. ಕಡೆಗೆ ಬರೆದದ್ದು ಹೊಸದನ್ನೇ. ಏಳು ತಿಂಗಳು ಸಾಣೆ ಹಿಡಿದ ಕತ್ತಿ, ಯುದ್ಧಕ್ಕೆ ಹೋದರೆ ಅಲ್ಲಿ ಚದುರಂಗ ಹಾಸಿದ್ದರು.

ವ್ಯಾಕರಣಕ್ಕೆ ಪೂರಾ ಬೀಗ ಬಿದ್ದಿಲ್ಲ. ಅಮೆರಿಕದ ಪದವಿ ಕಾಲೇಜಿಗೆ ಬರೆಯುವ ಸ್ಯಾಟ್‌ನಲ್ಲಿ ಇನ್ನೂ ಉಸಿರಾಡುತ್ತಿದೆ. ಎದುರುಮನೆಯ ಪಿಯುಸಿ ಹುಡುಗಿ ಅದನ್ನು ಕಟ್ಟುತ್ತಾಳಂತೆ. ಅವರಮ್ಮ ಮೊನ್ನೆ ಒಂದು ಬಟ್ಟಲು ಬಿಸಿಬೇಳೆಭಾತ್ ತಂದುಕೊಟ್ಟು, “ನೀವು ಗ್ರಾಮರ್ ಮೇಷ್ಟ್ರಂತೆ?” ಅಂದಿದ್ದಾರೆ. ನಾನು ಇಲ್ಲ ಅನ್ನಲಿಲ್ಲ.

ಎಂಬಿಎ ಸೀಟಿಗೆ ಮೊದಲೇ ಹುಡುಗನಿಗೆ ಹೆಣ್ಣು ಗೊತ್ತಾಯಿತು. ನಿಶ್ಚಿತಾರ್ಥದ ಊಟದ ಮಾತಿಗೆ ಅಡುಗೆ ಭಟ್ಟರು ಬಂದು ಜಗುಲಿಯ ಮೇಲೆ ಕೂತರು. ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, “ಗಂಡಿನ ಕಡೆಯಿಂದ ಎಷ್ಟು ಎಲೆ ಸ್ವಾಮಿ?” ಎಂದರು.

ನಾನು ಹುಡುಗನ ಮುಖ ನೋಡಿದೆ. ಹುಡುಗ ನನ್ನ ಮುಖ ನೋಡಿದ.

“ಒಂದು” ಎಂದ.

ಭಟ್ಟರ ಪೆನ್ನು ಗಾಳಿಯಲ್ಲೇ ನಿಂತಿತು. ಅಡುಗೆಮನೆಯಿಂದ ಅಕ್ಕ ಕೂಗಿದಳು: “ಅವರಿಬ್ಬರ ಮಾತು ಕೇಳ್ಬೇಡಿ ಭಟ್ಟರೆ, ಇನ್ನೂರೈವತ್ತು ಅಂತ ಬರ್ಕೊಳ್ಳಿ.”