‘ವಾರಂಟಿದಾಗ ಬರಂಗಿಲ್ಲ’ ಅನ್ನೋದನ್ನ ಬರೆದು ಕೊಡಿ

ಮಾನ್ಯ ಸರ್ವಿಸ್ ಮ್ಯಾನೇಜರ್ ಅವರಿಗೆ,



ನನ್ನ ಕಾರಿನ ಸ್ಟೀರಿಂಗ್ ರಾಕ್ ಬಗೆಗಿನ ತಕರಾರು ನನ್ನೊಬ್ಬನದೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಿಮ್ಮ ಕೌಂಟರಿನ ಎದುರು ಕಾಯುತ್ತಿದ್ದಾಗ ಭಾಲ್ಕಿ ಕಡೆಯ ಟ್ಯಾಕ್ಸಿ ಚಾಲಕರೊಬ್ಬರಿಗೂ ಔರಾದಿನ ರೈತರೊಬ್ಬರಿಗೂ ನನಗೆ ಹೇಳಿದ ಮಾತನ್ನೇ ನಿಮ್ಮ ಸಿಬ್ಬಂದಿ ಹೇಳಿ ಕಳಿಸಿದರು: “ವಾರಂಟಿದಾಗ ಬರಂಗಿಲ್ರಿ. ರೋಡ್ ಖರಾಬ್ ಅದಾವ, ಗಾಡಿ ಬಡದದ.” ಇಬ್ಬರೂ ಮರುಮಾತಾಡದೆ ಎಸ್ಟಿಮೇಟಿಗೆ ಸಹಿ ಹಾಕಿದರು. ಅವರ ಪರವಾಗಿಯೂ ಕೇಳಬೇಕಿದೆ.

ಕಾರನ್ನು ನಿಧಾನಕ್ಕೆ ತಿರುಗಿಸುವಾಗ ಸ್ಟೀರಿಂಗಿನ ಕೆಳಗೆ ಟಕ್ ಟಕ್ ಸದ್ದು ಬರುತ್ತಿದೆ ಎಂದು ನಾನು ಮೊದಲು ಹೇಳಿದ್ದು ವಾರಂಟಿ ಇರುವಾಗಲೇ. ಜಾಬ್ ಕಾರ್ಡಿನಲ್ಲಿ ಅದು ದಾಖಲಾಗಿದೆ. ಗಾಡಿ ಕೊಡುವಾಗ “ಚೆಕ್ ಮಾಡೀವಿ, ಏನೂ ಇಲ್ರಿ” ಎಂದರು. ಸದ್ದು ಜೋರಾದ ಮೇಲೆ ಮತ್ತೆ ತಂದೆ. ಗಾಡಿಯನ್ನು ಲಿಫ್ಟಿಗೆ ಏರಿಸಿ, ನಿಮ್ಮ ಮೆಕ್ಯಾನಿಕ್ ಮುಂದಿನ ಚಕ್ರವನ್ನು ಎರಡೂ ಬದಿಗೆ ಹಿಡಿದು ಅಲ್ಲಾಡಿಸಿದ. ಒಳಗಿನ ಸಡಿಲು ನನ್ನ ಕೈಗೂ ತಿಳಿಯಿತು. ರಾಕಿನ ರಬ್ಬರ್ ಬೂಟ್ ಹರಿದಿರಲಿಲ್ಲ. ರಿಮ್ ಸೊಟ್ಟಾಗಿರಲಿಲ್ಲ. ಲೋವರ್ ಆರ್ಮ್ ಮೇಲೆ ಒಂದು ಗೀರೂ ಇರಲಿಲ್ಲ. ಎರಡೂ ಟೈರು ಸಮನಾಗಿ ಸವೆದಿದ್ದವು. ರಾಕ್ ಕೆಡುವಷ್ಟು ಹೊಡೆತ ಬಿದ್ದಿದ್ದರೆ ಸಾಮಾನ್ಯವಾಗಿ ಇಷ್ಟರಲ್ಲಿ ಒಂದಾದರೂ ಅದನ್ನು ಹೇಳುತ್ತದೆ. ಗುರುತು ಎಲ್ಲಿದೆ ತೋರಿಸಿ ಎಂದಾಗ ಬಂದ ಉತ್ತರ: “ಕಂಪನಿ ರಿಜೆಕ್ಟ್ ಮಾಡ್ಯದ್ರಿ.” ಆ ರಿಜೆಕ್ಷನ್ನಿನ ಕಾಗದ ಕೇಳಿದೆ, ಕೊಡಲಿಲ್ಲ. ಕಂಪನಿಗೆ ಕಳಿಸಿದ ಫೋಟೋ ಕೇಳಿದೆ, ಅದನ್ನೂ ಕೊಡಲಿಲ್ಲ.

ವಾರಂಟಿಗೆ ಮಿತಿ ಇದೆ ಎಂಬುದು ನನಗೆ ಗೊತ್ತು. ಬ್ರೇಕ್ ಪ್ಯಾಡ್, ವೈಪರ್ ರಬ್ಬರ್ ಓಡಿಸಿದಂತೆ ಸವೆಯುತ್ತವೆ. ಅವನ್ನು ಕಂಪನಿ ಕೊಡಬೇಕೆಂದು ಯಾರೂ ಕೇಳುವುದಿಲ್ಲ. ಗಾಡಿಯನ್ನು ಕಲ್ಲಿಗೆ ಬಡಿಸಿಕೊಂಡು ಬಂದರೆ ಅದೂ ನಮ್ಮದೇ ಖರ್ಚು. ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೂ ವಾರಂಟಿಯ ಷರತ್ತಿನಂತೆ ಕಂಪನಿಯ ಹೊಣೆ ದೋಷವಿರುವ ಭಾಗವನ್ನು ರಿಪೇರಿ ಮಾಡುವುದು ಅಥವಾ ಬದಲಿಸುವುದು, ಇಡೀ ಕಾರನ್ನಲ್ಲ ಎಂದು. ನಾನೂ ಹೊಸ ಕಾರು ಕೇಳುತ್ತಿಲ್ಲ. ಒಂದು ಭಾಗ ಕೇಳುತ್ತಿದ್ದೇನೆ. ಅದನ್ನು ಕೊಡುವುದಿಲ್ಲವಾದರೆ ಕಾರಣ ಕೇಳುತ್ತಿದ್ದೇನೆ.

ಕಾರಣ ತಿಳಿಸುವುದು ನಿಮ್ಮ ಮರ್ಜಿಗೆ ಬಿಟ್ಟ ವಿಷಯವಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕನಿಗೆ ಸಂಬಂಧಿಸಿದ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದನ್ನೂ ಸೇವಾ ನ್ಯೂನತೆ ಎಂದೇ ಎಣಿಸುತ್ತದೆ. ವಾರಂಟಿ ತಿರಸ್ಕರಿಸಿದ್ದು ಯಾರು, ಯಾವ ಷರತ್ತಿನ ಕೆಳಗೆ, ಯಾವ ಪರೀಕ್ಷೆಯ ಮೇಲೆ ಎಂಬುದಕ್ಕಿಂತ ಸಂಬಂಧಪಟ್ಟ ಮಾಹಿತಿ ನನಗೆ ಇನ್ನೇನಿದೆ?

ರಸ್ತೆಯ ಮಾತಿಗೆ ಬರುತ್ತೇನೆ. ಈ ಕಾರನ್ನು ನೀವು ಮಾರಿದ್ದು ಬೀದರ್ ಜಿಲ್ಲೆಯವರಿಗೆ. ಮಾರುವಾಗ ನಿಮ್ಮ ಸೇಲ್ಸ್‌ನವರು ಗ್ರೌಂಡ್ ಕ್ಲಿಯರೆನ್ಸ್ ತೋರಿಸಿ, ಹಳ್ಳಿ ರೋಡಿಗೆ ಇದೇ ಸರಿ ಎಂದರು. ಮಳೆಗಾಲದಲ್ಲಿ ಔರಾದ್ ತಾಲೂಕಿನ ಒಳದಾರಿಗಳು ಹೇಗಿರುತ್ತವೆ ಎಂಬುದು ಆಗಲೂ ನಿಮಗೆ ಗೊತ್ತಿತ್ತು. ರಸ್ತೆ ನೋಡಿ ಮಾರಿದ ಗಾಡಿಗೆ ಅದೇ ರಸ್ತೆಯನ್ನು ನೆಪವಾಗಿ ತೋರಿಸಿದರೆ ನಮ್ಮ ಭಾಗದ ಒಂದು ಗಾಡಿಗೂ ವಾರಂಟಿ ಉಳಿಯುವುದಿಲ್ಲ.

ಆ ಟ್ಯಾಕ್ಸಿ ಚಾಲಕರಿಗೆ ಹೇಳಿದ ಇನ್ನೊಂದು ಮಾತೂ ಸರಿಯಲ್ಲ. ಊರ ಮಿಸ್ತ್ರಿಯ ಹತ್ತಿರ ಕೆಲಸ ಮಾಡಿಸಿದ್ದರಿಂದ ಅವರ ವಾರಂಟಿಯೇ ಹೋಯಿತು ಎಂದಿರಿ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ, ರಿಪೇರಿ ಉಪಕರಣಗಳು ಹೊರಗಿನ ಗ್ಯಾರೇಜಿನವರಿಗೆ ಸಿಗದಂತೆ ಮಾಡಿದ್ದು ಅವುಗಳ ಮೇಲಿದ್ದ ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಆ ಆದೇಶ ಹೇಳಿತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೆ ಹೋದವು ನಿಜ. ಆದರೂ ಆ ತರ್ಕ ನ್ಯಾಯವಾದದ್ದು. ಔರಾದಿನ ಹಳ್ಳಿಯಿಂದ ಪಂಕ್ಚರಿಗೂ ಅಲೈನ್‌ಮೆಂಟಿಗೂ ನಿಮ್ಮ ತನಕ ಬರಲು ಯಾರಿಗೂ ಆಗುವುದಿಲ್ಲ.

ಆದ್ದರಿಂದ ಮೂರು ಕೆಲಸ ಮಾಡಿ. ವಾರಂಟಿ ನಿರಾಕರಿಸಿದಾಗಲೆಲ್ಲ ಕಾರಣವನ್ನೂ ಷರತ್ತಿನ ಸಂಖ್ಯೆಯನ್ನೂ ಜಾಬ್ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದು ಸಹಿ ಮಾಡಿ. ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದ ಆ ರೈತರಿಗೆ ತಾವು ಏನು ಒಪ್ಪಿಕೊಂಡೆವೆಂಬುದೇ ತಿಳಿದಿರಲಿಲ್ಲ. ಕಂಪನಿಗೆ ಕಳಿಸಿದ ಫೋಟೋ, ವರದಿಯ ಪ್ರತಿಯನ್ನು ಗ್ರಾಹಕನಿಗೂ ಕೊಡಿ. ದುಡ್ಡು ಕೊಟ್ಟು ಭಾಗ ಬದಲಿಸಿಕೊಂಡವರಿಗೆ ಹಳೆಯ ಭಾಗವನ್ನು ಮರಳಿಸಿ. ನಾಳೆ ಪರೀಕ್ಷೆಗೆ ಕಳಿಸಬೇಕಾದರೆ ಅದೇ ಸಾಕ್ಷಿ.

ಇದನ್ನು ಓದುವ ಉಳಿದ ಗ್ರಾಹಕರಿಗೂ ಒಂದು ಮಾತು. ಸದ್ದು ಸಣ್ಣದಿರುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗಿದ್ದರೆ 200 ರೂಪಾಯಿ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಟ್ಯಾಕ್ಸಿ ಓಡಿಸುವವರೂ ಈ ಕಾಯ್ದೆಯಲ್ಲಿ ಗ್ರಾಹಕರೇ. ಭಾಗದಲ್ಲಿನ ದೋಷ ಕಣ್ಣಿಗೆ ಕಾಣದಂಥದ್ದಾದರೆ ಅದನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ.

ಮ್ಯಾನೇಜರ್ ಸಾಹೇಬರೆ, ನಿಮ್ಮ ವರ್ಕ್‌ಶಾಪಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಚಕ್ರ ಹಿಡಿದು ಸಡಿಲು ತೋರಿಸಿದ ಹುಡುಗ ಪ್ರಾಮಾಣಿಕ. ಅವನು ಕಂಡಿದ್ದನ್ನು ಕಾಗದಕ್ಕೆ ಇಳಿಸಲು ನೀವು ಬಿಡಬೇಕು. ರಾಕನ್ನು ನನ್ನೆದುರು ಬಿಚ್ಚಿಸಿ, ಬೇಕಾದರೆ ಇಬ್ಬರಿಗೂ ಒಪ್ಪಿಗೆಯಾದ ಎಂಜಿನಿಯರಿಗೆ ತೋರಿಸಿ. ಹೊಡೆತದಿಂದ ಕೆಟ್ಟಿದ್ದು ಎಂದು ಸಾಬೀತಾದರೆ ಪೂರ್ತಿ ಬಿಲ್ಲು ನಾನೇ ಕಟ್ಟುತ್ತೇನೆ. ಸಾಬೀತಾಗದಿದ್ದರೆ ಭಾಗವನ್ನೂ ಕೂಲಿಯನ್ನೂ ನೀವು ಕೊಡಬೇಕು. ಎರಡಕ್ಕೂ ಒಪ್ಪದಿದ್ದರೆ ದೂರಿನ ಪ್ರತಿ ನಿಮಗೆ ಆಯೋಗದಿಂದ ಬರುತ್ತದೆ.

ಇಂತಿ,
ಮೈಲೂರಿನ ನಿಮ್ಮ ಗ್ರಾಹಕ