ಉತ್ತರ ಬೇಕಿದ್ದರೆ ದಕ್ಷಿಣವನ್ನೂ ಕೇಳಿ

ಪ್ರೌಢಶಾಲೆಯೊಂದರ ಪ್ರಯೋಗಾಲಯ. ಬೀರುವಿನ ಮೂರನೆಯ ಅರೆಯಲ್ಲಿ, ಒಡೆದ ಬೀಕರುಗಳ ಹಿಂದೆ ಒಂದು ಮರದ ಡಬ್ಬಿ. ಸ್ಟಾಕ್ ರಿಜಿಸ್ಟರಿನಲ್ಲಿ 'ದಂಡಕಾಂತ, ಒಂದು ಜೊತೆ' ಎಂದು ದಾಖಲಾಗಿರುವ ಹಿರಿಯರು ಅದರಲ್ಲಿದ್ದಾರೆ. ಅರ್ಧ ಮೈ ಕೆಂಪು, ಅರ್ಧ ನೀಲಿ. ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿದೆ. ಬೀಗದ ಕೈ ಇಟ್ಟುಕೊಂಡಿದ್ದ ಮೇಷ್ಟ್ರು ಗಣತಿ ಕೆಲಸಕ್ಕೆ ಹೋಗಿದ್ದರಿಂದ ಬಾಗಿಲ ಸಂದಿಯಲ್ಲೇ ಮಾತುಕತೆ ನಡೆಯಿತು.

ನಮಸ್ಕಾರ ಸರ್. ಹೇಗಿದ್ದೀರಿ?

ಸೊರಗಿದ್ದೇನೆ. ಪಕ್ಕದಲ್ಲಿರುವವನು ನನ್ನ ಜೊತೆಗಾರ. ಇಬ್ಬರನ್ನೂ ಉತ್ತರಕ್ಕೆ ಉತ್ತರ ಸೇರಿಸಿ ತುರುಕಿದ್ದಾರೆ. ಸಜಾತೀಯ ಧ್ರುವಗಳು ಒಂದನ್ನೊಂದು ದೂಡುತ್ತವೆ ಅಂತ ಬೋರ್ಡಿನ ಮೇಲೆ ಬರೆದ ಕೈಯೇ ಹೀಗೆ ತುರುಕಿದ್ದು. ಹೀಗಿಟ್ಟರೆ ಒಬ್ಬರ ಕಾಂತತ್ವವನ್ನು ಇನ್ನೊಬ್ಬರು ನಿಧಾನವಾಗಿ ಕೆಡಿಸುತ್ತೇವೆ. ತಿರುಗುಮುರುಗಾಗಿ ಮಲಗಿಸಿ, ಎರಡೂ ತುದಿಗೆ ಮೆದುಕಬ್ಬಿಣದ ತುಂಡು ಅಡ್ಡ ಇಡಬೇಕು. ಅದಕ್ಕೆ ಕೀಪರ್ ಅನ್ನುತ್ತಾರೆ.

ಇಟ್ಟಿಲ್ಲವೇ?

ಕೀಪರ್ ಹುದ್ದೆ ಖಾಲಿ ಇದೆ.

ಛೆ. ನಮಗೆ ನಿಮ್ಮ ಉತ್ತರ ಧ್ರುವ ಒಂದು ಮಾತಾಡಿದರೆ ಸಾಕಿತ್ತು. ಓದುಗರಿಗೆ ಉತ್ತರ ಬೇಕಂತೆ.

ದಕ್ಷಿಣವನ್ನು ಬಿಟ್ಟು ಉತ್ತರ ಸಿಗುವುದಿಲ್ಲ. ನನ್ನನ್ನು ನಡುವೆ ಮುರಿದು ನೋಡಿ. ಉತ್ತರದ ತುಂಡಿನ ಮುರಿದ ತುದಿಯಲ್ಲಿ ಹೊಸ ದಕ್ಷಿಣ, ದಕ್ಷಿಣದ ತುಂಡಿನಲ್ಲಿ ಹೊಸ ಉತ್ತರ. ಮತ್ತೆ ಮುರಿಯಿರಿ, ಮತ್ತೆ ಅದೇ ಕಥೆ. ಒಂಟಿ ಧ್ರುವವನ್ನು ವಿಜ್ಞಾನಿಗಳು ಇವತ್ತಿಗೂ ಹುಡುಕುತ್ತಿದ್ದಾರೆ, ಸಿಕ್ಕಿಲ್ಲ.

ಅಂದರೆ ಪ್ರತ್ಯೇಕ ಉತ್ತರದ ಬೇಡಿಕೆ…

ರಾಜಕೀಯ ಬೇಡ. ಪ್ರತ್ಯೇಕವಾದ ಮರುಕ್ಷಣ ಅದರೊಳಗೇ ಒಂದು ದಕ್ಷಿಣ ಹುಟ್ಟಿ, ತನಗೆ ಅನುದಾನ ಸಾಲದು ಅನ್ನುತ್ತದೆ. ಇಷ್ಟು ಬರೆದುಕೊಳ್ಳಿ.

ಮುರಿದರೂ ಎರಡೂ ಧ್ರುವ ಹುಟ್ಟುವುದು ಯಾಕೆ?

ಪ್ರಾರ್ಥನೆಗೆ ಮುಂಚೆ ನಿಮ್ಮ ಶಾಲೆಯ ಮೈದಾನ ನೋಡಿದ್ದೀರಲ್ಲ? ಹುಡುಗರು ಗುಂಪುಗುಂಪಾಗಿ ನಿಂತಿರುತ್ತಾರೆ, ಒಂದು ಗುಂಪು ಗೇಟಿನ ಕಡೆ, ಇನ್ನೊಂದು ಅಂಗಡಿಯ ಕಡೆ. ಕಬ್ಬಿಣದ ಒಳಗೂ ಅಷ್ಟೆ. ಎಲೆಕ್ಟ್ರಾನುಗಳ ದೆಸೆಯಿಂದ ಪ್ರತಿ ಪರಮಾಣುವೂ ಒಂದು ಪುಟಾಣಿ ಕಾಂತ. ಅಕ್ಕಪಕ್ಕದವು ಸೇರಿ ಒಂದೇ ಕಡೆ ಮುಖ ಮಾಡಿ ಗುಂಪು ಕಟ್ಟುತ್ತವೆ. ಈ ಗುಂಪುಗಳಿಗೆ ಡೊಮೇನ್ ಅಂತ ಹೆಸರು. 1907ರಲ್ಲಿ ಫ್ರಾನ್ಸಿನ ಪಿಯರ್ ವೈಸ್ ಇವುಗಳ ಸಿದ್ಧಾಂತ ಕೊಟ್ಟರು. ಸಾಮಾನ್ಯ ಮೊಳೆಯಲ್ಲಿ ಒಂದೊಂದು ಗುಂಪಿನ ಮುಖ ಒಂದೊಂದು ಕಡೆ, ಆದ್ದರಿಂದ ಒಬ್ಬರ ಜೋರನ್ನು ಇನ್ನೊಬ್ಬರು ಕಳೆದುಬಿಡುತ್ತಾರೆ. ನಾನು ಹತ್ತಿರ ಹೋದರೆ ಪಿ.ಟಿ. ಮೇಷ್ಟ್ರು ಸೀಟಿ ಊದಿದ ಲೆಕ್ಕ, ಎಲ್ಲ ನನ್ನ ಕಡೆಗೆ ಸಾಲಾಗುತ್ತವೆ. ಆ ಮೊಳೆಯೇ ಆಗ ಇನ್ನೊಂದು ಗುಂಡುಪಿನ್ನನ್ನು ಎತ್ತುತ್ತದೆ. ನಾನು ಸರಿದರೆ ಮೆದುಕಬ್ಬಿಣದಲ್ಲಿ ಸಾಲು ಬಹುಮಟ್ಟಿಗೆ ಚದುರುತ್ತದೆ. ನನ್ನಂಥ ಉಕ್ಕಿನಲ್ಲಿ ಚದುರುವುದಿಲ್ಲ, ಅದಕ್ಕೇ ನಮಗೆ ಶಾಶ್ವತ ಕಾಂತ ಅನ್ನುತ್ತಾರೆ. ಮುರಿದರೂ ಪ್ರತಿ ತುಂಡಿನೊಳಗೆ ಸಾಲು ಹಾಗೇ ಇರುತ್ತದೆ, ಅದಕ್ಕೇ ಎರಡೂ ಧ್ರುವ.

ನಿಜವಾಗಿಯೂ ಶಾಶ್ವತವೇ?

ಕಾಯಂ ನೌಕರಿಯ ಹಾಗೆಲ್ಲ ಅಲ್ಲ. ಮೇಲಿಂದ ಮೇಲೆ ಬೀಳಿಸಿದರೆ, ಬಡಿದರೆ ಸಾಲು ಕೆಡುತ್ತದೆ. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರಂತೂ ಕಾಂತತ್ವವೇ ಹೊರಟುಹೋಗುತ್ತದೆ.

ನೀವು ಎಲ್ಲ ಲೋಹವನ್ನೂ ಸೆಳೆಯುತ್ತೀರಿ ಅಂತ ಸುದ್ದಿ.

ಬರೀ ಸುದ್ದಿ. ಕಬ್ಬಿಣ, ನಿಕಲ್, ಕೋಬಾಲ್ಟ್, ಮುಖ್ಯವಾಗಿ ಇವೇ. ಚಿನ್ನ, ತಾಮ್ರ, ಅಲ್ಯೂಮಿನಿಯಂ ಜೊತೆ ನನಗೆ ಬಳಕೆಯಿಲ್ಲ. ಜೇಬಿನಲ್ಲಿ ಚಿಲ್ಲರೆ ಇದ್ದರೆ ತೆಗೆಯಿರಿ. ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳು ಓಡಿ ಬರುತ್ತವೆ. ಹತ್ತರ ನಾಣ್ಯ ತಿರುಗಿಯೂ ನೋಡುವುದಿಲ್ಲ. ದುಡ್ಡಿದ್ದವರ ಮೇಲೆ ನನ್ನ ಪ್ರಭಾವ ನಡೆಯುವುದಿಲ್ಲ ಅಂತಿಟ್ಟುಕೊಳ್ಳಿ. ಇನ್ನೊಂದು ತಮಾಷೆ: ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವವರು ನಮ್ಮವನೊಬ್ಬನನ್ನು ತಳಕ್ಕೆ ಅಂಟಿಸಿ ನೋಡುತ್ತಾರೆ. ಎಷ್ಟೋ ಸ್ಟೀಲ್ ಪಾತ್ರೆಗಳು ಅಂಟುವುದೇ ಇಲ್ಲ. ಅವುಗಳಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ, ಜೊತೆಗೆ ನಿಕಲ್. ಇಬ್ಬರೂ ಒಂಟಿಯಾಗಿ ಬಂದರೆ ನನಗೆ ಅಂಟುವವರೇ. ಬೆರೆತಾಗ ಪರಮಾಣುಗಳ ಜೋಡಣೆಯೇ ಬದಲಾಗಿ ನನ್ನ ಗುರುತೇ ಸಿಗದವರ ಹಾಗಿರುತ್ತಾರೆ. ಸಮ್ಮಿಶ್ರದಲ್ಲಿ ಹೀಗೆಲ್ಲ ಆಗುವುದುಂಟು.

ಪಠ್ಯಪುಸ್ತಕದಲ್ಲಿ ನಿಮ್ಮ ಸುತ್ತ ಬಾಗಿದ ಗೆರೆಗಳಿವೆ. ಇಲ್ಲಿ ಒಂದೂ ಕಾಣುತ್ತಿಲ್ಲ.

ಗೆರೆ ಮೈಕೇಲ್ ಫ್ಯಾರಡೆಯವರದ್ದು, ಕ್ಷೇತ್ರ ನನ್ನದು. ನನ್ನ ಮೇಲೆ ಒಂದು ಹಾಳೆ ಇಟ್ಟು ಕಬ್ಬಿಣದ ಪುಡಿ ಉದುರಿಸಿ, ಅಂಚನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಒಂದೊಂದು ಕಣವೂ ಪುಟ್ಟ ಕಾಂತವಾಗಿ, ತಾನಿರುವ ಜಾಗದಲ್ಲಿ ಕ್ಷೇತ್ರ ಯಾವ ಕಡೆಗಿದೆಯೋ ಆ ಕಡೆಗೆ ತಿರುಗಿ, ಮುಂದಿನದರ ಬಾಲ ಹಿಡಿಯುತ್ತದೆ. ತುದಿಗಳಲ್ಲಿ ಪುಡಿ ಒತ್ತಾಗಿ ನಿಲ್ಲುತ್ತದೆ, ಅಲ್ಲಿ ಬಲ ಜಾಸ್ತಿ. ಹಾಗಂತ ಎರಡು ಸಾಲಿನ ನಡುವಿನ ಜಾಗ ಖಾಲಿಯಲ್ಲ, ಅಲ್ಲೂ ಕ್ಷೇತ್ರವಿದೆ. ಫ್ಯಾರಡೆ 1851ರಲ್ಲಿ ಇಂಥ ವಿನ್ಯಾಸಗಳನ್ನು ಕಾಗದಕ್ಕೆ ಅಂಟಿಸಿ ಕಾಪಿಟ್ಟರು. ಇಲ್ಲಿ ನಾನು ಬೀರುವಿನೊಳಗೆ, ಹೊರಗೆ ಸೀಮೆಸುಣ್ಣದಲ್ಲಿ ನನ್ನ ಕ್ಷೇತ್ರ. ಸರಿ, ಎರಡು ಅಂಕದ ಪ್ರಶ್ನೆ: ಈ ಗೆರೆಗಳು ಒಂದನ್ನೊಂದು ಛೇದಿಸುವುದಿಲ್ಲ. ಏಕೆ?

ಗೈಡಿನಲ್ಲಿ ಹಾಗೇ ಇದೆ, ಸರ್.

ಅರ್ಧ ಅಂಕ. ಗೆರೆಗಳು ಕೂಡಿದ ಜಾಗದಲ್ಲಿ ದಿಕ್ಸೂಚಿ ಇಟ್ಟರೆ ಅದರ ಮುಳ್ಳು ಏಕಕಾಲಕ್ಕೆ ಎರಡು ಕಡೆ ತೋರಿಸಬೇಕಾಗುತ್ತದೆ. ಮುಳ್ಳಿಗೆ ಅದು ಸಾಧ್ಯವಿಲ್ಲ, ಅದೇನು ಪಕ್ಷದ ವಕ್ತಾರನೇ?

ಆ ಮುಳ್ಳಿನ ಉತ್ತರ ತುದಿ ಭೂಮಿಯ ಉತ್ತರಕ್ಕೆ ತಿರುಗುವುದು ಹೇಗೆ? ಸಜಾತೀಯ ಧ್ರುವಗಳು ದೂಡಬೇಕಲ್ಲ?

ಅಂತೂ ಒಂದು ಒಳ್ಳೆಯ ಪ್ರಶ್ನೆ. ಭೂಮಿಯೇ ಒಂದು ದೊಡ್ಡ ಕಾಂತ ಎಂದು 1600ರಲ್ಲೇ ವಿಲಿಯಂ ಗಿಲ್ಬರ್ಟ್ ಬರೆದರು. ಅದರ ಭೌಗೋಳಿಕ ಉತ್ತರದ ಕಡೆಗಿರುವುದು ಕಾಂತದ ಲೆಕ್ಕದಲ್ಲಿ ದಕ್ಷಿಣ. ಅಲ್ಲಿರುವ ಧ್ರುವ ಒಂದೆಡೆ ನಿಲ್ಲುವುದೂ ಇಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಉತ್ತರದಲ್ಲಿ ಕಂಡರು. ಈಗ ಅದು ಸೈಬೀರಿಯದ ಕಡೆ ಹೊರಟಿದೆ, ಯಾರ ವರ್ಗಾವಣೆ ಆದೇಶವೂ ಇಲ್ಲದೆ.

ಭೂಮಿಯೊಳಗೂ ನಿಮ್ಮಂಥ ದಂಡಕಾಂತ ಇದೆಯೇ?

ಚಿತ್ರದಲ್ಲಿ ಮಾತ್ರ. ಒಡಲಿನ ಬಿಸಿ 770 ಡಿಗ್ರಿಯನ್ನು ಎಂದೋ ದಾಟಿದೆ, ನನ್ನಂಥವನು ಅಲ್ಲಿ ಬಾಳಲಾರ. ಹೊರಗರ್ಭದಲ್ಲಿ ಕರಗಿದ ಕಬ್ಬಿಣ ಹರಿದಾಡುತ್ತದೆ, ಅದರಲ್ಲಿ ವಿದ್ಯುತ್ ಓಡುತ್ತದೆ. ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ ಎಂದು 1820ರಲ್ಲಿ ಅರ್ಸ್ಟೆಡ್ ಕೋಪನ್‌ಹೇಗನ್‌ನಲ್ಲಿ ತೋರಿಸಿದರು. ತಂತಿಯ ಪಕ್ಕದ ಮುಳ್ಳು ತಿರುಗಿತು.

ಅದಕ್ಕೇ ನಮ್ಮಜ್ಜಿ ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವುದು! ರಕ್ತದ ಕಬ್ಬಿಣವನ್ನು ಭೂಮಿ ಎಳೆಯುತ್ತದಂತೆ.

ಅಜ್ಜಿ ಬೇಡ ಅಂದರೆ ಬೇಡ, ಅಜ್ಜಿಯ ಮಾತು ಕೇಳಿ. ನನ್ನ ಹೆಸರು ಎಳೆಯಬೇಡಿ. ರಕ್ತದ ಕಬ್ಬಿಣ ಹಿಮೋಗ್ಲೋಬಿನ್ ಅಣುವಿನೊಳಗೆ ಹಂಚಿಹೋಗಿದೆ, ಮೊಳೆಯೊಳಗಿನಂತೆ ಗುಂಪು ಕಟ್ಟಿಲ್ಲ. ಆಸ್ಪತ್ರೆಯ 1.5 ಟೆಸ್ಲಾದ ಎಂಆರ್‌ಐ ಯಂತ್ರದ ಕ್ಷೇತ್ರ ನಮ್ಮೂರಿನ ಭೂಕಾಂತಕ್ಕಿಂತ 30,000 ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿ ಎದ್ದು ಬಂದವರು ಮನೆಗೆ ಹೋಗಿ ತಿಂಡಿ ತಿಂದಿದ್ದಾರೆ.

ಕಾಂತದ ಕೈಬಳೆ ಹಾಕಿದರೆ ಮಂಡಿನೋವು…

ಮಾರುವವರ ಜೇಬಿನ ಕಡೆ ಆಕರ್ಷಣೆ ಇರುವುದು ನಿಜ.

ಕೊನೆಗೆ ಒಂದು ಸೆಲ್ಫಿ?

ಫೋನು ದೂರವಿರಲಿ. ಅದರ ದಿಕ್ಸೂಚಿಯ ಚಿಪ್ ಭೂಮಿಯ ಸಣ್ಣ ಕ್ಷೇತ್ರವನ್ನು ಅಳೆಯುವಂಥದ್ದು. ನಾನು ಪಕ್ಕಕ್ಕೆ ಬಂದರೆ ನನ್ನ ದಕ್ಷಿಣ ತುದಿಯನ್ನೇ ಉತ್ತರ ಅಂದುಕೊಳ್ಳುತ್ತದೆ. ಕಬ್ಬಿಣದ ಸರಳು ತುಂಬಿದ ಕಂಬದ ಹತ್ತಿರವೂ ಅದಕ್ಕೆ ದಿಕ್ಕು ತಪ್ಪಬಹುದು. ಅದೇ ಆ್ಯಪ್ ಹಿಡಿದು ವಾಸ್ತು ನೋಡುವವರು ನಿಮ್ಮ ಅಡುಗೆಮನೆ ಒಡೆಸಿದರೆ ಬಿಲ್ಲನ್ನು ಈ ಬೀರುವಿನ ವಿಳಾಸಕ್ಕೆ ಕಳಿಸಬೇಡಿ.